ಹವಳದ ಬುಡದಲ್ಲಿ ರಕ್ತಬೀಜ

ಎಂಟು ದಿನವಾದರೂ ನನ್ನ ಟ್ಯಾಂಕಿನ ಜೊವಾಂತಿಡ್ ಹವಳ ಪೂರ್ತಿ ಅರಳಿರಲಿಲ್ಲ. ಬೆಳಿಗ್ಗೆ ದೀಪ ಹತ್ತಿದ ಅರ್ಧ ಗಂಟೆಯೊಳಗೆ ಅಂಗಿಯ ಗುಂಡಿಯಷ್ಟಗಲದ ಹಸಿರು–ಕಿತ್ತಳೆ ಹೂಗಳ ಹಾಗೆ ಬಿರಿಯುತ್ತಿದ್ದ ಗೊಂಚಲು ಅದು. ಈಗ ಒಂದು ಮಗ್ಗುಲಿನ ಆರೇಳು ಹೂಗಳು, ಅಂದರೆ ಪಾಲಿಪ್‌ಗಳು ಮುಷ್ಟಿ ಬಿಗಿದಂತೆ ಮುಚ್ಚಿಕೊಂಡೇ ಇದ್ದವು. ನೀರು ಕೆಟ್ಟಿರಬಹುದೆಂದು ಎಲ್ಲ ಪರೀಕ್ಷೆಯನ್ನೂ ಮಾಡಿದೆ. ಉಪ್ಪಿನಂಶ ಸಾವಿರಕ್ಕೆ 35, ಶಾಖ 26 ಡಿಗ್ರಿ, ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ. ಯಾವುದರಲ್ಲೂ ಐಬು ಕಾಣಲಿಲ್ಲ. ಟ್ಯಾಂಕಿನ ಉಳಿದ ಹವಳಗಳೆಲ್ಲ ಚೆನ್ನಾಗಿಯೇ ಇದ್ದವು.

ರಾತ್ರಿ ದೀಪ ಆರಿ ಎರಡು ಗಂಟೆ ಕಳೆದ ಮೇಲೆ ಟಾರ್ಚ್ ಮತ್ತು ಭೂತಗನ್ನಡಿ ಹಿಡಿದು ಗಾಜಿನ ಮುಂದೆ ಕುಕ್ಕರುಗಾಲಲ್ಲಿ ಕೂತಾಗ ಕಾರಣ ಕಂಡಿತು. ಮುಚ್ಚಿದ ಪಾಲಿಪ್‌ಗಳ ಬುಡದಲ್ಲಿ, ಹವಳದ ತುಂಡನ್ನು ಅಂಟಿಸಿದ ಪಿಂಗಾಣಿ ಪ್ಲಗ್ಗಿನ ಮೇಲೆ, ಮೂರು ನಾಲ್ಕು ಮಿಲಿಮೀಟರ್ ಎತ್ತರದ ಕಡ್ಡಿಗಳು ಎದ್ದಿದ್ದವು. ಗಾಜಿನ ಹಾಗೆ ಬೆಳಕು ಹಾಯುವ ಕಡ್ಡಿಗಳು. ಒಂದೊಂದರ ತುದಿಯಲ್ಲೂ ಕೂದಲಿಗಿಂತ ಸಣ್ಣನೆಯ ಕರಬಳ್ಳಿಗಳ ಕಿರೀಟ. ಆಗಷ್ಟೇ ಮೊಟ್ಟೆಯೊಡೆದ ಬ್ರೈನ್ ಶ್ರಿಂಪ್ ಮರಿಗಳನ್ನು ಡ್ರಾಪರಿನಲ್ಲಿ ಮೆಲ್ಲಗೆ ಬಿಟ್ಟೆ. ಕಿತ್ತಳೆ ಬಣ್ಣದ ಒಂದು ಚುಕ್ಕಿ ಕುಪ್ಪಳಿಸುತ್ತ ಬಂದು ಆ ಎಳೆಗೆ ತಾಗಿದ್ದೇ ತಡ, ನಿಂತುಬಿಟ್ಟಿತು. ಒದ್ದಾಟವೂ ಇಲ್ಲ. ಎಳೆ ನಿಧಾನಕ್ಕೆ ಬಾಗಿ ಅದನ್ನು ನಡುವಿನ ಬಾಯಿಗೆ ಒಯ್ದಿತು. ಸ್ವಲ್ಪ ಹೊತ್ತಿನಲ್ಲಿ ಕಡ್ಡಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.

ಅದು ಹೈಡ್ರಾಯ್ಡ್. ಮನೆಯಲ್ಲಿ ರೀಫ್ ಟ್ಯಾಂಕ್ ಇಟ್ಟು ಹವಳ ಸಾಕುವವರ ನಿದ್ದೆ ಕೆಡಿಸುವ ಜೀವಿ. ಹತ್ತನೇ ತರಗತಿಯ ವಿಜ್ಞಾನ ಪಾಠ ನೆನಪಿರುವವರಿಗೆ ಇದರ ಸಿಹಿನೀರಿನ ಬಂಧು ಗೊತ್ತೇ ಇದೆ: ಪಕ್ಕೆಯಲ್ಲಿ ಮೊಗ್ಗು ಬಿಟ್ಟುಕೊಂಡು ನಿಂತ ಹೈಡ್ರಾ. ಕೊಳವೆಯಂಥ ಮೈ, ಒಂದೇ ಬಾಯಿ, ಬಾಯಿಯ ಸುತ್ತ ಕರಬಳ್ಳಿ. ಹೈಡ್ರಾ ಒಂಟಿಯಾಗಿ ಬಾಳುತ್ತದೆ. ಕಡಲಿನ ಹೈಡ್ರಾಯ್ಡ್‌ಗಳು ಹೆಚ್ಚಾಗಿ ಕೂಡುಕುಟುಂಬದವು. ನೂರಾರು ಪಾಲಿಪ್‌ಗಳ ಹೊಟ್ಟೆ ಒಂದಕ್ಕೊಂದು ಕೂಡಿಕೊಂಡಿರುತ್ತದೆ, ಒಂದು ತಿಂದದ್ದು ಎಲ್ಲಕ್ಕೂ ಹಂಚಿಹೋಗುತ್ತದೆ. ಹೈಡ್ರೊಜೋವಾ ಎಂಬ ಈ ವರ್ಗದಲ್ಲಿ 3,500ಕ್ಕೂ ಹೆಚ್ಚು ಪ್ರಭೇದಗಳಿವೆ. ಹವಳ, ಕಡಲಹೂ, ಲೋಳೆಮೀನು ಎಲ್ಲವೂ ಇದೇ ವಂಶದ ಬೇರೆ ಬೇರೆ ಕವಲುಗಳು. ಅಂದರೆ ಹವಳಕ್ಕೆ ಹೈಡ್ರಾಯ್ಡ್ ಹೊರಗಿನವನಲ್ಲ, ದಾಯಾದಿ. ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು; ಮುಂದಿನ ತೊಡಕೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಇಡೀ ವಂಶದ ಗುರುತು ಕುಟುಕುಕೋಶ. ಕರಬಳ್ಳಿಯ ಮೇಲೆ ಒತ್ತೊತ್ತಾಗಿ ಕೂತ ಸೂಕ್ಷ್ಮ ಸಂಪುಟಗಳು; ಒಳಗೆ ಸುರುಳಿ ಸುತ್ತಿಕೊಂಡ ಟೊಳ್ಳು ದಾರ, ಜೊತೆಗೆ ಸುಮಾರು 150 ವಾತಾವರಣಗಳಷ್ಟು ಒತ್ತಡ. ಏನಾದರೂ ತಾಗಿದರೆ ಮುಚ್ಚಳ ಸಿಡಿದು ದಾರ ಒಳಮೈ ಹೊರಗಾಗಿ ಚಿಮ್ಮುತ್ತದೆ. 2006ರಲ್ಲಿ ಜರ್ಮನಿಯ ವಿಜ್ಞಾನಿಗಳು ಹೈಡ್ರಾದ ಕುಟುಕನ್ನು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದರು. ಸಿಡಿತದ ಮುಖ್ಯ ಘಟ್ಟಕ್ಕೆ ಬೇಕಾದದ್ದು 700 ನ್ಯಾನೊಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ವೇಗೋತ್ಕರ್ಷ ಭೂಮಿಯ ಗುರುತ್ವದ 54 ಲಕ್ಷ ಪಟ್ಟು. ಪ್ರಾಣಿಲೋಕದಲ್ಲಿ ಇಷ್ಟು ಚುರುಕಿನ ಚಲನೆಗಳು ಬೆರಳೆಣಿಕೆಯಷ್ಟು. ಹವಳದ ಬಳಿಯೂ ಇದೇ ಆಯುಧವಿದೆ. ಆದರೆ ಹೈಡ್ರಾಯ್ಡ್ ಬುಡಕ್ಕೆ ಹತ್ತಿಕೊಂಡಾಗ ಜೊವಾಂತಿಡ್‌ನಂಥ ಮೆದು ಜೀವಿಗಳು ಹೆಚ್ಚಾಗಿ ಹಿಂದೆ ಸರಿಯುತ್ತವೆ. ಮೊದಲು ಮುಚ್ಚಿಕೊಳ್ಳುತ್ತವೆ, ಬೆಳಕು ಸಿಗದೆ ಸೊರಗುತ್ತವೆ, ಕೊನೆಗೆ ಕರಗುತ್ತವೆ. ಕಲ್ಲುಹವಳಗಳಲ್ಲಾದರೆ ಕುಟುಕು ತಾಗಿದ ಅಂಚಿನ ಮಾಂಸ ಹಿಂಜರಿದು ಬಿಳಿಯ ಅಸ್ಥಿ ಬಯಲಾಗುತ್ತದೆ. ಕಡಲಕುದುರೆ ಸಾಕುವವರಿಗೆ ಇದಕ್ಕಿಂತ ದೊಡ್ಡ ಭಯವಿದೆ: ಹುಟ್ಟಿದ ಮರಿಗಳು ಎಳೆಗೆ ತಾಗಿ ತೊಟ್ಟಿಯಲ್ಲೇ ಸಾಯುತ್ತವೆ.

ಅವತ್ತು ರಾತ್ರಿ ನಾನು ಮಾಡಿದ್ದನ್ನು ಬೇರೆ ಯಾರೂ ಮಾಡಬಾರದು. ಹಳೆಯ ಟೂತ್‌ಬ್ರಷ್ ತಂದು, ಟ್ಯಾಂಕಿನ ಒಳಗೇ, ಪಂಪು ಓಡುತ್ತಿರುವಾಗಲೇ, ಆ ಪ್ಲಗ್ಗನ್ನು ಗಸಗಸ ಉಜ್ಜಿದೆ. ಮರುದಿನ ಪ್ಲಗ್ಗು ತೊಳೆದಿಟ್ಟ ಬಟ್ಟಲಿನಂತೆ ಕಂಡಿತು. ಮೂರು ವಾರದ ಮೇಲೆ ನೋಡಿದರೆ ಹಳೆಯ ಜಾಗದಲ್ಲೂ ಕಡ್ಡಿಗಳು ಮತ್ತೆ ಎದ್ದಿದ್ದವು; ಪಂಪಿನ ಜಾಲರಿಯಲ್ಲಿ, ಗಾಜಿನ ಮೂಲೆಯಲ್ಲಿ, ಇನ್ನೆರಡು ಕಲ್ಲುಗಳ ನೆರಳುಬದಿಯಲ್ಲಿ ಹೊಸದಾಗಿಯೂ ಎದ್ದಿದ್ದವು. ಬಹಳ ವರ್ಷಗಳಿಂದ ರೀಫ್ ಟ್ಯಾಂಕ್ ನಡೆಸುತ್ತಿರುವ ಉಡುಪಿಯ ಗೆಳೆಯನಿಗೆ ಫೋನ್ ಮಾಡಿದೆ. “ನೀರಿನ ಒಳಗೇ ಕೆರೆದಿಯಾ ಮಾರಾಯಾ?” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇನ್ನು ಕೆರೆಯಬೇಡ. ಒಂದೊಂದೇ ಕಲ್ಲು ಹೊರಗೆ ತೆಗೆದು ನೋಡು. ಅವಸರ ಮಾಡಿದರೆ ಪುನಃ ಇದೇ ಕಥೆ” ಎಂದ.

ಯಕ್ಷಗಾನದಲ್ಲಿ ದೇವೀ ಮಹಾತ್ಮೆ ನೋಡಿದವರಿಗೆ ರಕ್ತಬೀಜನ ಪರಿಚಯ ಹೇಳಬೇಕಿಲ್ಲ. ಅವನ ಮೈಯಿಂದ ನೆಲಕ್ಕೆ ಬಿದ್ದ ಒಂದೊಂದು ಹನಿ ರಕ್ತದಿಂದಲೂ ಅವನಂಥವನೇ ಇನ್ನೊಬ್ಬ ಅಸುರ ಏಳುತ್ತಾನೆ. ಕಡಿದಷ್ಟೂ ಸೈನ್ಯ ಬೆಳೆಯುತ್ತದೆ. ಕೊನೆಗೆ ಕಾಳಿ ನಾಲಿಗೆ ಚಾಚಿ, ಹನಿ ನೆಲಕ್ಕೆ ಬೀಳುವ ಮೊದಲೇ ಹೀರುತ್ತಾಳೆ. ಗ್ರೀಕರ ಪುರಾಣದ ಹೈಡ್ರಾ ಸರ್ಪದ ಕಥೆಯೂ ಹತ್ತಿರ ಹತ್ತಿರ ಹೀಗೆಯೇ: ಒಂದು ತಲೆ ಕಡಿದರೆ ಎರಡು ಹುಟ್ಟುತ್ತವೆ, ವೀರ ಹೆರಾಕ್ಲಿಸ್‌ನ ಜೊತೆಗಾರ ಕಡಿದ ಕತ್ತನ್ನು ಕೊಳ್ಳಿಯಿಂದ ಸುಟ್ಟ ಮೇಲೆಯೇ ಅದು ಸಾಯುವುದು. ಹನಿ ಕೆಳಗೆ ಬೀಳಗೊಡಬಾರದು, ಉಳಿದ ಬುಡವನ್ನು ಸುಡಬೇಕು. ಹೈಡ್ರಾಯ್ಡ್ ಹತ್ತಿದ ಟ್ಯಾಂಕಿನಲ್ಲಿ ಮಾಡಬೇಕಾದ ಕೆಲಸವೂ ಅಕ್ಷರಶಃ ಇದೇ.

ಸರ್ಪದ ಹೆಸರು ಸಿಹಿನೀರಿನ ಹೈಡ್ರಾಕ್ಕೆ ಬಂದದ್ದು ಸುಮ್ಮನೆ ಅಲ್ಲ. ಜಿನೀವಾದಲ್ಲಿ ಹುಟ್ಟಿದ ಅಬ್ರಹಾಂ ಟ್ರೆಂಬ್ಲಿ ಹಾಲೆಂಡಿನ ಹೇಗ್ ನಗರದ ಬಳಿ ಸಿರಿವಂತರೊಬ್ಬರ ಇಬ್ಬರು ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದ. 1740ರಲ್ಲಿ ಅಲ್ಲಿನ ಕೊಳದ ನೀರಿನಲ್ಲಿ ಹಸಿರು ಕಡ್ಡಿಯಂಥ ಜೀವಿಯೊಂದು ಅವನ ಕಣ್ಣಿಗೆ ಬಿತ್ತು. ಗಿಡವೋ ಪ್ರಾಣಿಯೋ ತಿಳಿಯಲಿಲ್ಲ. ತುಂಡು ಮಾಡಿದರೆ ಗಿಡ ಚಿಗುರುತ್ತದೆ, ಪ್ರಾಣಿ ಸಾಯುತ್ತದೆ ಎಂದುಕೊಂಡು ಅಡ್ಡಕ್ಕೆ ಕತ್ತರಿಸಿದ. ಎರಡು ತುಂಡೂ ಬದುಕಿ ಎರಡು ಪೂರ್ಣ ಜೀವಿಗಳಾದವು. ಆದರೂ ಅವು ನಡೆಯುತ್ತಿದ್ದವು, ಬೇಟೆಯಾಡುತ್ತಿದ್ದವು. ತಲೆಯನ್ನು ಉದ್ದಕ್ಕೆ ಸೀಳಿ ಒಂದೇ ಮೈಗೆ ಹಲವು ತಲೆ ಬರಿಸಿದ. 1744ರಲ್ಲಿ ಆತ ಪ್ರಕಟಿಸಿದ ಪುಸ್ತಕವನ್ನು ಪ್ರಾಣಿಶಾಸ್ತ್ರದಲ್ಲಿ ಪ್ರಯೋಗದ ದಾರಿ ತೆರೆದ ಕೃತಿಗಳಲ್ಲಿ ಒಂದೆಂದು ಎಣಿಸುತ್ತಾರೆ. 1758ರಲ್ಲಿ ಲಿನೇಯಸ್ ಈ ಕುಲಕ್ಕೆ ಹೈಡ್ರಾ ಎಂದೇ ಹೆಸರಿಟ್ಟ.

ಕಡಲಿನ ಹೈಡ್ರಾಯ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ಬುಡದಲ್ಲಿ ಸ್ಟೋಲನ್ ಎಂಬ ದಾರದಂಥ ಅಡಿಬಳ್ಳಿ ಕಲ್ಲಿಗೆ ಅಂಟಿಕೊಂಡು ಹಬ್ಬುತ್ತದೆ. ಹೊಲದಲ್ಲಿ ಗರಿಕೆ ಹಬ್ಬುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನ ಕಡ್ಡಿಗಳನ್ನೆಲ್ಲ ಚಿವುಟಿದರೂ ಕಲ್ಲಿನ ಸಂದಿಯಲ್ಲಿ ಉಳಿದ ಅರ್ಧ ಸೆಂಟಿಮೀಟರ್ ಅಡಿಬಳ್ಳಿ ಸಾಕು, ಮತ್ತೆ ಚಿಗುರುತ್ತದೆ. ಈ ಬಳ್ಳಿಯ ಮೇಲೆ ಜೀರುಂಡೆಯ ಕವಚದಲ್ಲಿರುವ ಕೈಟಿನ್ನಿನಿಂದಲೇ ಆದ ತೆಳು ಹೊದಿಕೆಯಿರುತ್ತದೆ. ಹೊಸ ಹವಳವನ್ನು ಅದ್ದಿ ತೆಗೆಯುವ ಸಾಮಾನ್ಯ ಡಿಪ್ ದ್ರಾವಣಗಳನ್ನು ಹೈಡ್ರಾಯ್ಡ್ ತಾಳಿಕೊಂಡು ಉಳಿಯುವುದು ಇದಕ್ಕೇ. ಸಾಲದ್ದಕ್ಕೆ ಹಲವು ಜಾತಿಗಳು ಅಕ್ಕಿಕಾಳಿಗಿಂತ ಸಣ್ಣ ಲೋಳೆಮೀನುಗಳನ್ನು ಬಿಡುತ್ತವೆ. ಅವು ತೇಲಿಹೋಗಿ, ಮೊಟ್ಟೆಯಿಟ್ಟು, ಮರಿ ಬೇರೆಲ್ಲೋ ನೆಲೆಯೂರುತ್ತದೆ. ಮುಪ್ಪಿನಿಂದ ಬಾಲ್ಯಕ್ಕೆ ಮರಳುವ ‘ಅಮರ ಲೋಳೆಮೀನು’ ಎಂದು ಹೆಸರಾದ ಟುರಿಟಾಪ್ಸಿಸ್ ಕೂಡ ಇದೇ ವರ್ಗದ್ದು.

ಗಾಬರಿಯಲ್ಲಿ ಕಂಡದ್ದನ್ನೆಲ್ಲ ಹೈಡ್ರಾಯ್ಡ್ ಎಂದು ಕೊಲ್ಲಬಾರದು. ಕೊಳವೆಯೊಂದರಿಂದ ಎರಡೇ ಎರಡು ಮೀಸೆಗಳು ಹೊರಬಂದು ಆಡುತ್ತಿದ್ದರೆ ಅದು ಸ್ಪಯೊನಿಡ್ ಹುಳು, ನಿರುಪದ್ರವಿ. ಗಟ್ಟಿ ಸುಣ್ಣದ ಕೊಳವೆಯಿಂದ ಅಂಟುಬಲೆ ಹೊರಟಿದ್ದರೆ ವರ್ಮೆಟಿಡ್ ಬಸವನಹುಳು. ಗಾಜಿನ ಮೇಲೆ ಬಿಳಿ ನಕ್ಷತ್ರದ ಹಾಗೆ ತೆವಳುವ ಚುಕ್ಕಿಗಳು ಹೈಡ್ರಾಯ್ಡಿನ ಲೋಳೆಮೀನು ರೂಪವೇ ಆದರೂ ಹವಳಕ್ಕೆ ತೊಂದರೆ ಕೊಡುವುದು ಅಪರೂಪ. ನಿಜವಾದ ಉಪಟಳ ಎರಡು ಮೂರು ಬಗೆಯದು. ಒಂದು, ಜೇಡನ ನೂಲಿನಂಥ ಒಂಟಿ ಎಳೆಯಾಗಿ ಏಳುವುದು; ಸೋಕಿದರೆ ಸರ್ರನೆ ಮೋಟುದ್ದಕ್ಕೆ ಕುಗ್ಗುತ್ತದೆ. ಇನ್ನೊಂದು, ನನಗೆ ಗಂಟುಬಿದ್ದ ಕಡ್ಡಿಗೊಂಚಲು. ಮೂರನೆಯದು ಮೈರಿಯೊನೆಮಾ ಅಂಬೊಯಿನೆನ್ಸೆ. 1893ರಲ್ಲಿ ಇಂಡೊನೇಷ್ಯಾದ ಅಂಬೋನ್ ಕೊಲ್ಲಿಯ ಮಾದರಿಗಳಿಂದ ವಿವರಿಸಲ್ಪಟ್ಟ ಇದು ಕಂದುಬಣ್ಣದ ಹೂಗೊಂಚಲಿನ ಹಾಗೆ ಚೆಂದವಾಗಿಯೇ ಕಾಣುತ್ತದೆ. ಹವಳದಂತೆಯೇ ಮೈಯೊಳಗೆ ಪಾಚಿ ಸಾಕಿಕೊಂಡಿರುವುದರಿಂದ ಬೆಳಕಿನಿಂದಲೂ ಬದುಕುತ್ತದೆ. ಮೆದುಹವಳವೆಂದು ತಿಳಿದು ದುಡ್ಡು ಕೊಟ್ಟು ತಂದವರೂ ಇದ್ದಾರೆ.

ಕಡಲಲ್ಲಿ ಇವೆಲ್ಲ ಇವೆ, ಆದರೆ ಅಲ್ಲಿ ಹವಳದ ದಿಬ್ಬವನ್ನೇ ನುಂಗುವುದಿಲ್ಲ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಮುಳುಗಿ ನೋಡಿದವರಿಗೆ ಹವಳ ಬೆಳೆದ ಬಂಡೆಗಳ ಮೇಲೆ ಜಾಗದ ಪೈಪೋಟಿ ಎಷ್ಟು ಬಿಗಿಯೆಂದು ಗೊತ್ತಿರುತ್ತದೆ. ಒಂದಂಗುಲ ಬಂಡೆಯೂ ಖಾಲಿಯಿರುವುದಿಲ್ಲ. ಕಡಲಿನಲ್ಲಿ ಹೈಡ್ರಾಯ್ಡನ್ನೇ ತಿಂದು ಬದುಕುವ ಇಯೊಲಿಡ್ ಎಂಬ ಬಣ್ಣದ ಕಡಲ ಗೊಂಡೆಹುಳುಗಳಿವೆ. ಅವು ಹೈಡ್ರಾಯ್ಡಿನ ಕುಟುಕು ಸಂಪುಟಗಳನ್ನು ಸಿಡಿಯಗೊಡದೆ ನುಂಗಿ, ತಮ್ಮ ಬೆನ್ನಿನ ಕುಚ್ಚುಗಳ ತುದಿಗೆ ಸಾಗಿಸಿ, ತಮ್ಮದೇ ಆಯುಧವಾಗಿ ಬಳಸುತ್ತವೆ. ಪ್ರಕೃತಿಯ ಕೌಶಲದಲ್ಲಿ ನನಗೆ ಅತ್ಯಂತ ಬೆರಗು ಹುಟ್ಟಿಸಿದ ಸಂಗತಿಗಳಲ್ಲಿ ಇದೊಂದು. ಇವನ್ನೇ ಟ್ಯಾಂಕಿಗೆ ತಂದುಬಿಟ್ಟರಾಯಿತಲ್ಲ ಎಂದು ಕೇಳುವವರಿದ್ದಾರೆ. ಹಲವು ಜಾತಿಗಳಿಗೆ ಒಂದೊಂದೇ ಬಗೆಯ ಹೈಡ್ರಾಯ್ಡ್ ಆಗಬೇಕು. ಅದು ಮುಗಿದ ದಿನ ಗೊಂಡೆಹುಳು ಉಪವಾಸ ಸಾಯುತ್ತದೆ. ಹೈಡ್ರಾಯ್ಡ್ ಕುಕ್ಕುವ ಚಿಟ್ಟೆಮೀನುಗಳು ಹವಳವನ್ನೂ ಕುಕ್ಕುತ್ತವೆ.

ಔಷಧದ ಕಥೆಯೂ ಇಷ್ಟೇ. ನಾಯಿ, ದನಗಳ ಜಂತುಹುಳಕ್ಕೆ ಪಶುವೈದ್ಯರು ಕೊಡುವ ಫೆನ್‌ಬೆಂಡಜೋಲ್ ಹೈಡ್ರಾಯ್ಡನ್ನು ಕೊಲ್ಲುತ್ತದೆ, ಸಂಶಯವಿಲ್ಲ. ಕಡಲಕುದುರೆ ಸಾಕುವವರು ಹವಳವಿಲ್ಲದ ಬರಿಯ ತೊಟ್ಟಿಯಲ್ಲಿ ಅದನ್ನು ಬಳಸುತ್ತಾರೆ. ಆದರೆ ದಾಯಾದಿಯನ್ನು ಕೊಲ್ಲುವ ಮದ್ದು ಮನೆಯವರನ್ನು ಬಿಡುತ್ತದೆಯೇ? ಜೀನಿಯಾ, ಕ್ಲೋವ್ ಪಾಲಿಪ್‌ನಂಥ ಮೆದುಹವಳಗಳು, ಗರಿಹುಳುಗಳು ಅದಕ್ಕೆ ಬಲಿಯಾಗುತ್ತವೆ. ಅಷ್ಟೇ ಅಲ್ಲ, ರಂಧ್ರಮಯ ಕಲ್ಲು ಅದನ್ನು ಹೀರಿಕೊಂಡು ತಿಂಗಳುಗಟ್ಟಲೆ ಒಸರುತ್ತದೆ. ರೀಫ್ ಟ್ಯಾಂಕಿಗೆ ಅದನ್ನು ಸುರಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆಹಾರ ಕಡಿಮೆ ಮಾಡುವುದರಿಂದ ಹಬ್ಬುವ ವೇಗ ತಗ್ಗುತ್ತದೆ, ನಿಲ್ಲುವುದಿಲ್ಲ; ಅತಿಯಾದರೆ ಹವಳವೇ ಮೊದಲು ಹಸಿಯುತ್ತದೆ. ಹಾಗಾಗಿ ಉಳಿಯುವುದು ಕೈಕೆಲಸ ಒಂದೇ.

ಗೆಳೆಯ ಹೇಳಿದಂತೆ ಒಂದು ಭಾನುವಾರ ಬೆಳಿಗ್ಗೆ ಕೂತೆ. ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಅಡುಗೆಗೆ ಮತ್ತೆ ಬಳಸದ ಮೂರು ಬಟ್ಟಲುಗಳಲ್ಲಿ ಟ್ಯಾಂಕಿನದೇ ನೀರು ತುಂಬಿಸಿದೆ. ಕೈಗವಸು, ಕಣ್ಣಿಗೆ ಕನ್ನಡಕ, ಚಿಮಟ, ಕಟರ್, ಡ್ರಾಪರ್. ಜೊವಾಂತಿಡ್ ಇರುವ ಕಡೆ ಕೈಗವಸು ಮತ್ತು ಕನ್ನಡಕ ಕಡ್ಡಾಯ: ಇವುಗಳ ಕೆಲವು ಜಾತಿಗಳಲ್ಲಿರುವ ಪ್ಯಾಲಿಟಾಕ್ಸಿನ್ ಕಡಲಿನ ಅತ್ಯುಗ್ರ ವಿಷಗಳಲ್ಲಿ ಒಂದು. ಅಂಥ ಕಲ್ಲನ್ನು ಎಂದೂ ಕುದಿಸಬಾರದು, ಬಿಸಿನೀರು ಹೊಯ್ಯಬಾರದು, ಜೋರಾಗಿ ನೀರು ಚಿಮ್ಮಿಸಿ ಉಜ್ಜಬಾರದು. ಆವಿ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಬೇರೆ ದೇಶಗಳಲ್ಲಿ ವರದಿಯಾಗಿವೆ.

ಪ್ಲಗ್ಗನ್ನು ಮೆಲ್ಲಗೆ, ಅಲುಗಾಡಿಸದೆ, ನೀರಿನೊಳಗೇ ಒಂದು ಬಟ್ಟಲಿಗೆ ಇಳಿಸಿಕೊಂಡು ಬಟ್ಟಲು ಸಮೇತ ಹೊರತಂದೆ. ಹನಿ ನೆಲಕ್ಕೆ ಬೀಳಬಾರದಲ್ಲ. ಹವಳವನ್ನು ಬುಡದಿಂದ ಕತ್ತರಿಸಿ ಬೇರೆ ಮಾಡಿ, ಹೈಡ್ರಾಯ್ಡ್ ಹತ್ತಿದ ಪ್ಲಗ್ಗನ್ನು ಹಾಗೆಯೇ ಬದಿಗಿಟ್ಟೆ. ಅಗ್ಗದ ಪ್ಲಗ್ಗನ್ನು ಉಳಿಸಿಕೊಳ್ಳಲು ಒದ್ದಾಡುವುದರಲ್ಲಿ ಅರ್ಥವಿಲ್ಲ. ಪಾಲಿಪ್‌ಗಳ ಸಂದಿಯಲ್ಲಿ ಇನ್ನೂ ನಾಲ್ಕು ಕಡ್ಡಿಗಳಿದ್ದವು. ಅವುಗಳ ಮೇಲೆ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ ತೊಟ್ಟು ತೊಟ್ಟಾಗಿ ಬಿಟ್ಟೆ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುವ ಬಾಟಲಿ ಹೆಚ್ಚಾಗಿ ಶೇ 6ರದ್ದು, ಲೇಬಲ್ ಓದಿ ಸಮಭಾಗ ನೀರು ಬೆರೆಸಬೇಕು. ಹನಿ ತಾಗಿದೊಡನೆ ಬಿಳಿ ನೊರೆ ಉಕ್ಕಿತು. ಕಡ್ಡಿಗಳು ಮಂಕಾಗಿ, ಬಾಗಿ, ಒಂದು ನಿಮಿಷದಲ್ಲಿ ತೊಯ್ದ ನೂಲಿನಂತೆ ಒರಗಿದವು. ಚಿಮಟದಿಂದ ಅವನ್ನು ಬುಡಸಮೇತ ಎತ್ತಿ ತೆಗೆದು, ಹವಳವನ್ನು ಎರಡನೇ ಬಟ್ಟಲಿನಲ್ಲಿ ಜಾಲಿಸಿ, ಮೂರನೆಯದರಲ್ಲಿ ಮತ್ತೊಮ್ಮೆ ಜಾಲಿಸಿ, ಹೊಸ ಪ್ಲಗ್ಗಿಗೆ ಅಂಟಿಸಿದೆ. ಜೊವಾಂತಿಡ್ ಪೆರಾಕ್ಸೈಡನ್ನು ತಾಳುತ್ತದೆ. ಆಕ್ರೊಪೋರದಂಥ ಸೂಕ್ಷ್ಮ ಹವಳಕ್ಕೆ ತಾಗಿಸಬೇಡಿ. ಮೊದಲು ಒಂದು ಸಣ್ಣ ತುಂಡಿನ ಮೇಲೆ ನೋಡಿ. ಟ್ಯಾಂಕಿನ ನೀರಿಗೇ ಸುರಿದರೆ ಸಿಗಡಿಗಳು ಹೋಗುತ್ತವೆ.

ಹೊರಗೆ ತೆಗೆಯಲಾಗದ ದೊಡ್ಡ ಕಲ್ಲಿಗೆ ಎರಡು ದಾರಿಗಳಿವೆ. ಒಂದು ಸುಣ್ಣ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ, ಪಂಪು ನಿಲ್ಲಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ಹೈಡ್ರಾಯ್ಡಿನ ಮೇಲೆ ಮೆತ್ತಬೇಕು. ಅದರ ತೀಕ್ಷ್ಣ ಕ್ಷಾರ ಪ್ರಾಣಿಯನ್ನು ಸುಡುತ್ತದೆ. ಹೆರಾಕ್ಲಿಸ್‌ನ ಜೊತೆಗಾರನ ಕೊಳ್ಳಿಯೆಂದರೆ ಇದೇ. ಕಾಲು ಗಂಟೆಯ ಮೇಲೆ ಉಳಿದ ಸುಣ್ಣವನ್ನು ಪೈಪಿನಿಂದ ಹೀರಿ ತೆಗೆದು ಪಂಪು ಹಾಕಬೇಕು. ಒಂದು ದಿನಕ್ಕೆ ಒಂದೆರಡು ಕಡೆ ಸಾಕು, ಹೆಚ್ಚಾದರೆ ಇಡೀ ಟ್ಯಾಂಕಿನ ಪಿಎಚ್ ಏರಿ ಮೀನಿಗೇ ಅಪಾಯ. ಎಲೆಯಡಿಕೆಯ ಸುಣ್ಣ ಬೇಡ, ಅದರಲ್ಲಿ ಏನೇನು ಬೆರೆತಿರುತ್ತದೋ ಹೇಳಲಾಗದು. ಇನ್ನೊಂದು ದಾರಿ ಮುಚ್ಚಿ ಉಸಿರುಗಟ್ಟಿಸುವುದು: ಹವಳ ಅಂಟಿಸಲು ಬಳಸುವ ಸೈನೊಆಕ್ರಿಲೇಟ್ ಜೆಲ್ ಅಥವಾ ಎಪಾಕ್ಸಿ ಮುದ್ದೆಯಿಂದ ಹೈಡ್ರಾಯ್ಡನ್ನೂ ಸುತ್ತಲಿನ ಒಂದೆರಡು ಸೆಂಟಿಮೀಟರ್ ಕಲ್ಲನ್ನೂ ಸೇರಿಸಿ ಮುಚ್ಚಬೇಕು. ಅಂಚು ಬಿಟ್ಟರೆ ಅಡಿಬಳ್ಳಿ ಅಲ್ಲಿಂದ ಇಣುಕುತ್ತದೆ.

ಇದೆಲ್ಲ ಒಂದು ಭಾನುವಾರದ ಕೆಲಸವಲ್ಲ. ನನಗೆ ಹಿಡಿದದ್ದು ಐದು ತಿಂಗಳು. ವಾರಕ್ಕೊಂದು ರಾತ್ರಿ ಟಾರ್ಚು, ಕಂಡ ಜಾಗದ ಗುರುತು, ಮರುದಿನ ಒಂದೋ ಎರಡೋ ಕಲ್ಲು. ಒಂದು ಕಲ್ಲನ್ನು ಉಳಿಸಲಾಗದೆ ಸಿಹಿನೀರಿನಲ್ಲಿ ನೆನೆಸಿ, ತಾರಸಿಯ ಬಿಸಿಲಿಗೆ ಒಣಹಾಕಬೇಕಾಯಿತು. ಮೂರು ಜೊವಾಂತಿಡ್ ಪಾಲಿಪ್‌ಗಳು ಸತ್ತವು. ಉಳಿದವು ಹೊಸ ಪ್ಲಗ್ಗಿನ ಮೇಲೆ ಈಗ ಹದಿನೆಂಟಾಗಿವೆ.

ಹವಳ ಕೊಳ್ಳುವವರಿಗೆ ಒಂದು ಮಾತು. ನಮ್ಮ ಕಡಲಿನಿಂದ ಹವಳ ಕಿತ್ತು ತಂದು ಮಾರುವವರಿದ್ದರೆ ದೂರವಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳನ್ನೂ ಸೇರಿಸಲಾಗಿದೆ. ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಹೈಡ್ರಾಯ್ಡಿನ ಹತ್ತಿರದ ಬಂಧು, ಸುಣ್ಣದ ಗೂಡು ಕಟ್ಟಿ ದಿಬ್ಬ ಬೆಳೆಸುವ ಬೆಂಕಿಹವಳ ಮಿಲ್ಲೆಪೋರವೂ ಅದೇ ಪಟ್ಟಿಯಲ್ಲಿದೆ. ಕಾಗದಪತ್ರ ಸರಿಯಿರುವ, ಸಾಕಿ ಬೆಳೆಸಿದ ತುಂಡನ್ನೇ ಕೊಳ್ಳಿ. ತಂದ ದಿನವೇ ಅದರ ಪ್ಲಗ್ಗನ್ನು ಕಿತ್ತೆಸೆಯಿರಿ. ಕನಿಷ್ಠ ನಾಲ್ಕು ವಾರ ಬೇರೆ ಸಣ್ಣ ಟ್ಯಾಂಕಿನಲ್ಲಿಟ್ಟು, ರಾತ್ರಿ ಟಾರ್ಚ್ ಬಿಟ್ಟು ನೋಡಿದ ಮೇಲೆಯೇ ಒಳಗೆ ಬಿಡಿ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ತೆಗೆದ ಕಲ್ಲು, ತೊಳೆದ ನೀರು ಯಾವುದನ್ನೂ ಕಡಲಿಗೆ ಸುರಿಯಬೇಡಿ. ಎರಡು ದಿನ ಸಿಹಿನೀರಿನಲ್ಲಿ ಮುಳುಗಿಸಿ, ಒಣಗಿಸಿ ಕಸಕ್ಕೆ ಹಾಕಿ.

ನನ್ನ ಟ್ಯಾಂಕಿಗೆ ಹೈಡ್ರಾಯ್ಡ್ ಬಂದದ್ದು ಪ್ರೀತಿಯಿಂದ ಕೊಟ್ಟ ಒಂದು ಹವಳದ ತುಂಡಿನ ಜೊತೆ. ಕೊಟ್ಟವರಿಗೆ ಅದು ಇರುವುದು ಗೊತ್ತಿರಲಿಲ್ಲ. ನಿಮ್ಮಲ್ಲಿ ಇದೆಯೆಂದು ನಿಮಗೆ ಗೊತ್ತಿದ್ದರೆ, ಯಾರಿಗಾದರೂ ಹವಳ ಕೊಡುವ ಮೊದಲು ದಯವಿಟ್ಟು ಬಾಯಿಬಿಟ್ಟು ಹೇಳಿ.